ಹದಿನೈದನೆಯ ಕಾರ್ಡು

ಮೈಸೂರು
16-10-2024

ಪ್ರೀತಿಯ ಅತ್ತೆಗೆ,

ನಂದಿತಾಳ ಶರಣು. ನಿಮ್ಮ ಕಿವಿಯ ಮಿಷನ್ನು ಮತ್ತೆ ಕೆಟ್ಟಿದೆಯಂತೆ, ಅಪ್ಪ ಹೇಳಿದರು. ಫೋನಿನಲ್ಲಿ ಕೂಗಿ ಇಡೀ ಹಾಸ್ಟೆಲ್ಲಿಗೆ ಸುದ್ದಿ ಹಂಚುವ ಬದಲು ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದ ನಿಮಗೆ ವಾಟ್ಸಾಪಿನಲ್ಲಿ ಕಳಿಸಿದರೆ ಓದಿಯೂ ಓದದವರ ಹಾಗೆ ಇರುತ್ತೀರಿ. ಅದೂ ನನಗೆ ಗೊತ್ತು.

ಸುದ್ದಿ ಏನೆಂದರೆ, ನನ್ನ ರವದಿಕೈಗೆ ಕಾಲೇಜಿನ ಸ್ಪರ್ಧೆಯಲ್ಲಿ ಈ ವರ್ಷವೂ ಮೊದಲ ಬಹುಮಾನ. ಸತತ ಮೂರನೇ ಸಲ! ಕಬ್ಬಿನ ಒಣಗರಿ, ಅಂದರೆ ರವದಿ ಸುಲಿದು ಸುಲಿದು ಅಮ್ಮನ ಅಂಗೈ ಹೇಗಾಗಿತ್ತೆಂದು ನೀವೇ ನೋಡಿದ್ದೀರಿ. ಸಾರಿಗೆ ಉಪ್ಪು ಹಾಕುವಾಗ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿಯೇ ನಾನು ಇದನ್ನು ಮಾಡಿದ್ದು. ಜಲ್ಲೆಗೆ ಅಪ್ಪುವಂತೆ ಬಾಗಿಸಿದ ಹಲ್ಲಿನ ತಗಡು, ಒಂದು ಮರದ ಹಿಡಿ, ಕೈಜಾರದಿರಲು ಮಣಿಕಟ್ಟಿಗೆ ಬಿಗಿಯುವ ಚರ್ಮದ ಪಟ್ಟಿ. ಇಷ್ಟೇ. ನಮ್ಮೂರು ಹದಿನಾರಿನಲ್ಲಿ ಮುಯ್ಯಾಳಾಗಿ ಒಬ್ಬರ ಗದ್ದೆಗೊಬ್ಬರು ಹೋಗುವ ಎಂಟು ಮನೆಯ ಹೆಂಗಸರಿಗೂ ಒಂದೊಂದು ಕೊಟ್ಟಿದ್ದೇನೆ. ಎಂಟೂ ಬಳಕೆಯಲ್ಲಿವೆ ಎಂದು ವರದಿಯಲ್ಲಿ ಬರೆದೆ. ತೀರ್ಪುಗಾರರು ಚಪ್ಪಾಳೆ ತಟ್ಟಿದರು.

ಈಗ ಕಾಲೇಜಿನ ಸ್ಟಾರ್ಟಪ್ ಸೆಲ್‌ನವರು ಜನವರಿಯಿಂದ ನನಗೊಂದು ಕೋಣೆಯನ್ನೇ ಕೊಡುತ್ತಾರಂತೆ. ನಮ್ಮ ರುದ್ರೇಶ್ ಸರ್ ಬೀಗದ ಕೈ ತೋರಿಸಿ ನಕ್ಕರು. ಇಷ್ಟರಲ್ಲಿ ಗೆಳತಿ ಚೈತ್ರ ಇನ್ನೊಂದು ಜಾಹೀರಾತು ಕಳಿಸಿದ್ದಾಳೆ. ಗೋಕಾಕದ ಹತ್ತಿರ, ವ್ಯವಸಾಯದ ಸಾಮಾನು ಮಾಡುವ ಹೊಸಬರಿಗೆ ಮೂರು ತಿಂಗಳ ಕಾರ್ಯಕ್ರಮವಂತೆ. ಯಾವ ಕಾಲೇಜಿನವರಾದರೂ ಅರ್ಜಿ ಹಾಕಬಹುದು. ನವೆಂಬರ್ 15 ಕೊನೆಯ ದಿನ. ಆದರೆ ಅಲ್ಲಿಗೆ ಹೋದರೆ ಇಲ್ಲಿನ ಕೋಣೆ ಬೇರೆ ತಂಡಕ್ಕೆ ಹೋಗುತ್ತದೆ. ಎಲ್ಲ ಇಲ್ಲೇ ಇರುವಾಗ ಗೊತ್ತಿಲ್ಲದ ಊರಿಗೆ ಯಾಕೆ ಹೋಗಬೇಕು? ನೀವೇ ಹೇಳಿ.

ನಿಮ್ಮ
ನಂದಿತಾ

*

ತಿ. ನರಸೀಪುರ
21-10-2024

ಚಿರಂಜೀವಿ ನಂದಿತಾಳಿಗೆ,

ಅತ್ತೆಯ ಆಶೀರ್ವಾದ. ಮಿಷನ್ನು ಕೆಟ್ಟಿಲ್ಲ, ನಾನೇ ತೆಗೆದಿಟ್ಟಿದ್ದೇನೆ. ಪಕ್ಕದ ಮನೆಯ ಮರಿತಾಯಮ್ಮ ಮೊಮ್ಮಗನ ವರ್ಣನೆ ಶುರು ಮಾಡಿದರೆ ಕಿವುಡೇ ಸುಖ.

ಬಹುಮಾನದ ವಿಷಯ ಓದಿ ಸಂತೋಷವಾಯಿತು. ನೀನು ಎಂಟನೇ ತರಗತಿಯಲ್ಲಿದ್ದಾಗ ನನ್ನ ಪೋಸ್ಟಾಫೀಸಿಗೆ ಬಂದು ತಾರೀಖಿನ ಮೊಹರಿನ ಹಿಡಿ ಅಲ್ಲಾಡುವುದನ್ನು ಕಂಡು, ಯಾರೂ ಹೇಳದೆ, ಸೈಕಲ್ ಟ್ಯೂಬಿನ ಚೂರು ತುರುಕಿ ಬಿಗಿ ಮಾಡಿಕೊಟ್ಟಿದ್ದೆ. ನಾನು ನಿವೃತ್ತಳಾಗುವವರೆಗೂ ಅದು ಅಲ್ಲಾಡಲಿಲ್ಲ. ನಿನ್ನನ್ನು ಮೆಚ್ಚುವವರ ಸಾಲಿನಲ್ಲಿ ಅವತ್ತಿನಿಂದಲೇ ನಿಂತಿದ್ದೇನೆ. ಈಚೆಗೆ ಸಾಲು ಉದ್ದವಾಗಿದೆ, ಅಷ್ಟೆ.

ಕೋಣೆಯೋ ಗೋಕಾಕವೋ ಎಂದು ಈಗಲೇ ಹೇಳುವುದಿಲ್ಲ. ದೀಪಾವಳಿಗೆ ಹದಿನಾರಿಗೆ ಹೋಗುತ್ತೀಯಲ್ಲ, ನನಗೊಂದು ಉಪಕಾರ ಮಾಡು. ಎಂಟು ರವದಿಕೈಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿರುವುದನ್ನು ಆರಿಸಿ ನನಗೆ ಕಳಿಸು. ಪದಕ, ಸರ್ಟಿಫಿಕೇಟು, ಫೋಟೋ ಯಾವುದೂ ಬೇಡ. ಸವೆದದ್ದು ಒಂದು ಬೇಕು.

ಇಂತಿ
ಸರ್ವಮಂಗಳತ್ತೆ

*

ಮೈಸೂರು
4-11-2024

ಅತ್ತೆಗೆ,

ಕಳಿಸಲು ನನ್ನ ಹತ್ತಿರ ಏನೂ ಇಲ್ಲ.

ಅಮ್ಮನದು ದೇವರ ಗೂಡಿನಲ್ಲಿತ್ತು. ವಿಭೂತಿ ಬಳಿದು, ಕುಂಕುಮ ಇಟ್ಟು, ಆಯುಧಪೂಜೆಯ ಚೆಂಡುಹೂ ಒಣಗಿ ಅದರ ಹಲ್ಲಿಗೆ ಅಂಟಿಕೊಂಡಿತ್ತು. ಪಾಪಮ್ಮಜ್ಜಿಯದು ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ. ಮಾದಯ್ಯ ದೊಡ್ಡಪ್ಪನ ಮನೆಯಲ್ಲಿ ಟಿವಿಯ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ. ಎಂಟು ಮನೆಯಲ್ಲೂ ಇದೇ. ಎಂಟೂ ನಾನು ಕೊಟ್ಟ ದಿನದಷ್ಟೇ ಹೊಸತು.

"ಯಾಕಜ್ಜಿ, ಬಳಸ್ಲಿಲ್ವಾ?" ಎಂದು ಪಾಪಮ್ಮಜ್ಜಿಯನ್ನು ಕೇಳಿದೆ. "ಅಯ್ ನನ್ ಕಂದ, ನೀ ಮಾಡಿರೋದ್ನ ಕೆಸ್ರಿಗೆ ಆಕಾರಾ? ಬೋ ಚೆಂದಾಗದೆ ಕಣವ್ವ" ಎಂದು ಗಲ್ಲ ಸವರಿದಳು. ಅಮ್ಮನೂ ಅದನ್ನೇ ಹೇಳಿದಳು, "ಚೆನ್ನಾಗದೆ ಮಗ, ಚೆನ್ನಾಗದೆ" ಎಂದು. ಹೇಳುತ್ತಾ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಾನು ಎಳೆದು ನೋಡಿದೆ. ಎರಡು ಹೊಸ ಗಾಯ.

ಅತ್ತೆ, ಅಲ್ಲಿ ಕೂತು ಅತ್ತುಬಿಟ್ಟೆ. ಯಾರೂ ಸುಳ್ಳು ಹೇಳಿಲ್ಲ. ನಾನು ಸುಳ್ಳು ಬರೆದಿದ್ದೇನೆ. ಎಂಟೂ ಬಳಕೆಯಲ್ಲಿವೆ ಎಂದು ಮೂರು ಬಹುಮಾನ ತೆಗೆದುಕೊಂಡೆ, ಅಮ್ಮನ ಅಂಗೈ ಇದ್ದ ಹಾಗೇ ಇದೆ.

ಇವತ್ತು ರುದ್ರೇಶ್ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ತಪ್ಪು ನಂದೂ ಇದೆಯಮ್ಮ. ಒಂದು ಸಲವಾದರೂ ನಿಮ್ಮೂರಿಗೆ ಹೋಗಿ ನೋಡಬೇಕಿತ್ತು. ನೀನು ನಮ್ಮ ಹುಡುಗಿ ಅನ್ನೋ ಪ್ರೀತಿಲಿ ಕೇಳಲೇ ಇಲ್ಲ. ನಾನು ನಿನಗೆ ವೆಲ್ಡಿಂಗ್ ಕಲಿಸಬಲ್ಲೆ, ಕಬ್ಬು ಗೊತ್ತಿಲ್ಲ" ಎಂದರು. ವರದಿ ತಿದ್ದಿಕೊಡುತ್ತೇನೆಂದೆ, ಒಪ್ಪಿದರು. ಕೋಣೆ ಈಗಲೂ ನನಗೇ ಇದೆಯಂತೆ. ಗೋಕಾಕಕ್ಕೆ ಹೋಗುವುದಾದರೆ ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ಎಂದು ಬರೆದುಕೊಡುತ್ತಾರಂತೆ.

ನನಗೆ ಭಯವಾಗುತ್ತಿದೆ. ಇಲ್ಲಿ ಇದ್ದರೆ ಬಹುಮಾನವಾದರೂ ಬರುತ್ತದೆ. ಅಲ್ಲಿ ಇದು ಕೆಲಸಕ್ಕೆ ಬಾರದ್ದು ಎಂದು ಗೊತ್ತಾಗಿಬಿಟ್ಟರೆ ಅಮ್ಮನ ಕೈಗೆ ನಾನು ಏನು ಕೊಡಲಿ?

ನಂದಿತಾ

*

ತಿ. ನರಸೀಪುರ
8-11-2024

ಮಗಳೇ,

ಒಂದು ತಪ್ಪೊಪ್ಪಿಗೆ. ಆಯುಧಪೂಜೆಯ ದಿನ ನಾನು ಹದಿನಾರಿನಲ್ಲಿದ್ದೆ. ದೇವರ ಗೂಡನ್ನು ನೋಡಿದ್ದೆ. ನಾನೇ ಹೇಳಿದ್ದರೆ ನೀನು ನನ್ನ ಮೇಲೆ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆ. ನಿನ್ನ ಕಣ್ಣಿಗೇ ಬೀಳಲಿ ಎಂದು ಕಾದೆ. ಸವೆದದ್ದನ್ನು ಕಳಿಸು ಎಂದದ್ದು ಅದಕ್ಕೇ. ಕೋಪ ಬಂದರೆ ಬರಲಿ.

ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನದು ಹೆಗ್ಗಣವೆಂದು ಹೇಳುತ್ತಿಲ್ಲ, ಮುದ್ದಿನ ವಿಷಯ ಹೇಳುತ್ತಿದ್ದೇನೆ. ಹದಿನಾರಿನಲ್ಲಿ ನೀನು ಎಲ್ಲರ ಮನೆಯ ಮಗಳು. ಕಾಲೇಜಿನಲ್ಲಿ ಎಲ್ಲ ಮೇಷ್ಟ್ರುಗಳ ಮುದ್ದಿನ ವಿದ್ಯಾರ್ಥಿನಿ. ಎರಡು ತವರುಮನೆ ನಿನಗೆ. ತವರಿನವರು ಮಗಳ ಅಡುಗೆಗೆ ಉಪ್ಪು ಕಮ್ಮಿ ಎನ್ನುತ್ತಾರೆಯೇ? ಮೊಹರು ಬೀಳದ ಸ್ಟಾಂಪು ನೋಡಲು ಬಲು ಚೆಂದ. ಆದರೆ ಅದು ಎಲ್ಲಿಗೂ ಹೋಗಿ ಬಂದಿರುವುದಿಲ್ಲ.

ನಿನಗೆ ಹೇಳದ ಒಂದು ಸಂಗತಿ ಇದೆ. ನಿಮ್ಮ ಮಾವ ತೀರಿಹೋದಾಗ ನನಗೆ ಇಪ್ಪತ್ತನಾಲ್ಕು. ಆರು ತಿಂಗಳು ಹದಿನಾರಿನ ತವರುಮನೆಯಲ್ಲಿದ್ದೆ. ಒಂದು ಕೊಡ ನೀರು ಎತ್ತಲು ಬಿಡಲಿಲ್ಲ ನನ್ನನ್ನು. ಏನು ಮಾಡಿದರೂ "ಸಾಕು ಬಿಡು, ಚೆನ್ನಾಗದೆ". ಅವರ ಅನುಕಂಪದಲ್ಲೇ ನಾನು ಮುಳುಗಿಹೋಗುತ್ತಿದ್ದೆ. ಅಂಚೆಯಲ್ಲಿದ್ದ ಮಾವನ ಕೆಲಸ ನನಗೆ ಬಂದಾಗ ಇದೇ ನರಸೀಪುರದಲ್ಲಿ ಜಾಗ ಕೊಡಿಸುತ್ತೇವೆಂದರು. ನಾನು ಕೊಳ್ಳೇಗಾಲದ ಆಚೆಯ ಒಂದು ಪುಟ್ಟ ಕಚೇರಿಯನ್ನು ಕೇಳಿ ಪಡೆದೆ. ಮೊದಲ ದಿನವೇ ಅಲ್ಲಿನ ಮುದುಕ ಪೋಸ್ಟ್‌ಮಾಸ್ಟರು ನಾನು ಕಟ್ಟಿದ ಚೀಲವನ್ನು ವಾಪಸು ಎಸೆದರು. "ಅರಗು ಸರಿಯಾಗಿ ಕೂತಿಲ್ಲ. ಮತ್ತೆ ಕಟ್ಟಿ." ಅವರಿಗೆ ನನ್ನ ಕತೆ ಗೊತ್ತಿರಲಿಲ್ಲ. ಆ ಸಂಜೆ ರೂಮಿಗೆ ಬಂದು ಕಣ್ಣೀರಿಟ್ಟೆನಲ್ಲ, ಅದು ದುಃಖಕ್ಕಲ್ಲ. ಆರು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಬಿಟ್ಟು ನನ್ನ ಕೆಲಸವನ್ನು ನೋಡಿದ್ದರು.

ಹೋಗು. ತವರನ್ನು ಬಿಟ್ಟು ಹೋಗೆನ್ನುತ್ತಿಲ್ಲ, ಹೋಗಿ ಬಾ ಎನ್ನುತ್ತಿದ್ದೇನೆ. ಇದರ ಜೊತೆ ನನ್ನ ವಿಳಾಸ ಬರೆದ ಹದಿನೈದು ಕಾರ್ಡು ಇಟ್ಟಿದ್ದೇನೆ. ಒಂದೊಂದರಲ್ಲಿ ಒಂದೊಂದು ದೂರು ಬರೆದು ಕಳಿಸು. ಹೊಗಳಿಕೆ ಬರೆಯಬೇಡ, ಕಾರ್ಡಿನಲ್ಲಿ ಜಾಗ ಇರುವುದಿಲ್ಲ.

ಸರ್ವಮಂಗಳತ್ತೆ

*

ಗೋಕಾಕ ತಾಲ್ಲೂಕು
9-1-2025

ಅತ್ತೆ, ಮೊದಲ ಕಾರ್ಡು. ಇಲ್ಲಿ ಹನ್ನೊಂದು ತಂಡ ಇದ್ದೇವೆ. ಮೊದಲ ವಾರದ ನಿಯಮ: ಇದನ್ನು ಮಾಡಿದ್ದು ನಾನೇ ಎಂದು ಹೊಲದಲ್ಲಿ ಬಾಯಿ ಬಿಡಬಾರದು. ಆಳಿನ ಜೊತೆ ಆಳಾಗಿ ಹೋಗಬೇಕು. ಕಬ್ಬು ಕಡಿಯುವ ಗುಂಪಿನ ಬಾಳವ್ವ ರವದಿಕೈಯನ್ನು ಹತ್ತು ನಿಮಿಷ ಬಳಸಿ ಬದುವಿಗೆ ಎಸೆದಳು. "ಇದನ್ನ ಮಾಡಿದಾಕಿ ಕಬ್ಬಿನ ಹೊಲ ನೋಡ್ಯಾಳೋ ಇಲ್ಲೋ?" ನಾನು "ಗೊತ್ತಿಲ್ಲರೀ" ಎಂದೆ. — ನಂದಿತಾ

*

15-1-2025

ಮೂರನೇ ಕಾರ್ಡು. ಹಿಡಿ ಹತ್ತರಲ್ಲಿ ಏಳು ಜನರ ಕೈಗೆ ಚಿಕ್ಕದು. ಅಮ್ಮನ ಅಂಗೈಗೆ ಅರಿಸಿನ ಬಳಿದು ಕಾಗದದ ಮೇಲೆ ಒತ್ತಿಸಿ ಅಳತೆ ತೆಗೆದಿದ್ದೆ. ಲೋಕದಲ್ಲಿ ಎಲ್ಲರ ಕೈಯೂ ಅಮ್ಮನ ಕೈ ಎಂದುಕೊಂಡಿದ್ದೆ. ಇಲ್ಲಿನ ಕಂಬಾರ ಅಜ್ಜ ತಗಡಿನ ಹಲ್ಲು ನೋಡಿ ನಕ್ಕ. ಹಾಗೆ ನಕ್ಕ ಮೇಲೆ ಮೂರು ತಾಸು ಕೂರಿಸಿಕೊಂಡು ಹದ ಕೊಡುವುದು ಹೇಗೆಂದು ಕಲಿಸಿದ. — ನಂ.

*

21-1-2025

ಐದನೇ ಕಾರ್ಡು. ಇವತ್ತು ಬಾಳವ್ವ ಎಲ್ಲರ ಮುಂದೆ ಕೂಗಿದಳು: "ನನ್ನ ಗಂಡ ಇನ್ನೂ ಗಟ್ಟಿ ಅದಾನ! ಈ ಪಟ್ಟಿ ನನ್ನ ಬಳಿ ಯಾಕ ಒಡಸ್ತದ?" ಹೊಲವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಮಣಿಕಟ್ಟಿನ ಪಟ್ಟಿ ಬಿಗಿದು ಜಲ್ಲೆ ಎಳೆದರೆ ಗಾಜಿನ ಬಳೆ ಸಿಕ್ಕಿ ಒಡೆಯುತ್ತದೆ. ಒಂದು ತಾಸಿನಲ್ಲಿ ಹನ್ನೊಂದು ಬಳೆ. ಚೂರುಗಳನ್ನು ಆರಿಸಿ ಇಟ್ಟುಕೊಂಡಿದ್ದೇನೆ. ಅತ್ತೆ, ಹದಿನಾರಿನಲ್ಲೂ ಹೀಗೇ ಆಗಿತ್ತೆ? ಕೇಳಿ ಬರೆಯಿರಿ. — ನಂ.

*

ತಿ. ನರಸೀಪುರ
29-1-2025

ನಂದಿತಾ,

ಕಾರ್ಡು ಕೈಗೆ ಬಂದ ಮರುದಿನವೇ ಹದಿನಾರಿಗೆ ಹೋದೆ. ಪಾಪಮ್ಮನ ಜಗುಲಿಯಲ್ಲಿ ಹೆಂಗಸರು ಸೇರಿದ್ದರು. "ರವದಿಕೈ ಹಾಕಿಕೊಂಡರೆ ಬಳೆಗೆ ತೊಂದರೆಯೇ?" ಎಂದು ಕೇಳಿದೆ. ಎಲ್ಲರೂ ನನ್ನ ಕೈ ನೋಡಿದರು. ಆಮೇಲೆ ನೆಲ ನೋಡಿದರು. ನನ್ನ ಕೈಯಲ್ಲಿ ಮೂವತ್ತೆಂಟು ವರ್ಷದಿಂದ ಒಂದು ವಾಚು ಬಿಟ್ಟು ಬೇರೇನೂ ಇಲ್ಲವಲ್ಲ.

ನಿಮ್ಮಮ್ಮ ಬಸ್ಸು ಹತ್ತಿಸಲು ಬಂದವಳು ಸ್ಟಾಪಿನಲ್ಲಿ ಬಾಯಿ ಬಿಟ್ಟಳು. ಅವಳ ಮಾತನ್ನೇ ಬರೆಯುತ್ತೇನೆ. "ಮೊದಲ್ನೇ ದಿನಾನೇ ನಾಕು ಬಳೆ ಹೆಚ್ಚೋದ್ವು ಅಕ್ಕ. ಪಾಪಮ್ಮಂಗೂ ಅಂಗೇ ಆಯ್ತು. ಮದ್ವೆ ಆಗ್ದಿರೊ ಎಣ್ಮಗ, ಆಸೆಪಟ್ಟು ಮಾಡ್ಕಂಡ್ ಬಂದದೆ. ನಿನ್ ಸಾಮಾನು ಮುತ್ತೈದೇರ ಬಳೆ ತೆಗೀತದೆ ಅಂತ ಅದ್ಕೆ ಎಂಗೇಳನೆ? ನಿಮ್ ಮುಂದೆ ಎಂಗೇಳನೆ? ಅದ್ಕೇ ದೇವ್ರತಾವ್ ಇಟ್ಬುಟ್ಟು ಕೈ ಮುಗ್ದೆ."

ಒಡೆಯಿತು ಎನ್ನುವುದಿಲ್ಲ ನಮ್ಮವರು. ಬಳೆ ಹೆಚ್ಚಿತು ಎನ್ನುತ್ತಾರೆ. ಆ ಮಾತನ್ನೂ ನಿನ್ನ ಮುಂದೆ ಆಡಲಿಲ್ಲ, ನನ್ನ ಮುಂದೆ ಆಡಲಿಲ್ಲ. ನಿನಗೆ ಅಪಶಕುನ, ನನಗೆ ನೋವು ಎಂದು ಎಂಟು ಜನ ಬಾಯಿ ಹೊಲಿದುಕೊಂಡು ಬರಿಗೈಯಲ್ಲಿ ರವದಿ ಸುಲಿದರು. ಅಂಥ ಪ್ರೀತಿಗೆ ಏನೆನ್ನಬೇಕೋ ನನಗೆ ತಿಳಿಯದು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಬಂದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಮಗೆ ಬೇಕಾಯಿತು, ಅದೂ ಗೋಕಾಕದಿಂದ. ಬಾಳವ್ವನಿಗೆ ನನ್ನ ನಮಸ್ಕಾರ ತಿಳಿಸು. ಅವಳ ಗಂಡ ನೂರು ವರ್ಷ ಬಾಳಲಿ.

ಅತ್ತೆ

*

ಗೋಕಾಕ ತಾಲ್ಲೂಕು
2-3-2025

ಪ್ರೀತಿಯ ಅತ್ತೆಗೆ,

ಹದಿನಾಲ್ಕು ಕಾರ್ಡು ನಿಮ್ಮ ಕೈ ಸೇರಿರಬೇಕು. ಈಗ ದೂರಲ್ಲದ ಮಾತಿಗಾಗಿ ಕಾಗದ ತೆಗೆದುಕೊಂಡಿದ್ದೇನೆ.

ಪಟ್ಟಿಯನ್ನು ಮಣಿಕಟ್ಟಿನಿಂದ ತೆಗೆದೆ. ಈಗ ಅದು ನಾಲ್ಕು ಬೆರಳಿನ ಬೆನ್ನ ಮೇಲೆ ಬರುತ್ತದೆ. ಬಳೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಈ ಉಪಾಯ ನನ್ನದಲ್ಲ. ಕೊಯಮತ್ತೂರಿನಿಂದ ಬಂದು ಪಾಠ ಮಾಡುವ ಒಬ್ಬರು ಮೂವತ್ತು ವರ್ಷ ಕೈಗವಸು ಹೊಲಿಸಿದವರು. ನನ್ನ ಬಳೆ ಚೂರುಗಳನ್ನು ಮೇಜಿನ ಮೇಲೆ ಹರಡಿಸಿ, ಚೂರು ಯಾವ ಕಡೆಯಿಂದ ಒಡೆದಿದೆ ಎಂದು ನನ್ನಿಂದಲೇ ಹೇಳಿಸಿದರು. ಹಿಡಿ ಮೂರು ಅಳತೆಯಲ್ಲಿ ಬಂದಿದೆ. ಒಬ್ಬ ವಕೀಲರು ಬಂದು ವಿನ್ಯಾಸದ ಹಕ್ಕು ಯಾರ ಹೆಸರಿನಲ್ಲಿರಬೇಕು ಎಂದು ಕೂರಿಸಿ ತಿಳಿಸಿದರು. ನನಗೆ ಅಂಥದೊಂದು ಪ್ರಶ್ನೆ ಇದೆಯೆಂದೇ ತಿಳಿದಿರಲಿಲ್ಲ. ಪಕ್ಕದ ಮಂಚದ ಹುಡುಗಿ ರಾಯಚೂರಿನವಳು, ಭತ್ತ ಕೇರುವ ಯಂತ್ರ ಮಾಡುತ್ತಾಳೆ, ನನಗಿಂತ ಎರಡು ಸಲ ಹೆಚ್ಚು ಸೋತವಳು. ಅವಳ ಗೊರಕೆಯನ್ನೂ ನಾನು ಮೆಚ್ಚಿಕೊಂಡಿದ್ದೇನೆ.

ಬಾಳವ್ವನಿಗೆ ಒಂದು ವಾರಕ್ಕೆಂದು ಹೊಸದನ್ನು ಕೊಟ್ಟಿದ್ದೆ. ವಾಪಸು ಕೇಳಲು ಹೋದರೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ಇದನ್ನ ಕೊಡಂಗಿಲ್ಲ. ಮಾಡಿದಾಕಿಗೆ ಹೇಳು, ಇನ್ನೊಂದು ಮಾಡಕೊಳ್ಳಾಕ" ಎಂದಳು. ಆಗ ಹೇಳಿದೆ, ಮಾಡಿದಾಕಿ ನಾನೇ ಎಂದು. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, "ಮತ್ತ ಅವತ್ತು ಗೊತ್ತಿಲ್ಲ ಅಂದಿ?" ಎಂದು ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಮೂರು ಪದಕಕ್ಕಿಂತ ಆ ಗುದ್ದು ದೊಡ್ಡದು.

ರುದ್ರೇಶ್ ಸರ್ ವಿಡಿಯೋದಲ್ಲಿ ಜೂನಿಯರ್‌ಗಳಿಗೆ ನಾಲ್ಕು ಮಾತು ಹೇಳೆಂದರು. ಕೋಣೆ ಬೇರೆ ತಂಡದ ಪಾಲಾಗಿದೆ. ಅವರು ಅದರೊಳಗೇ ಕೂತು ನನ್ನ ಮಾತು ಕೇಳುತ್ತಿದ್ದರು. ನಿಜ ಹೇಳುತ್ತೇನೆ, ಒಂದು ದಿನ ಹೊಟ್ಟೆ ಉರಿಯಿತು. "ಕಾಲೇಜು ನನ್ನ ಕೈಗೆ ಕೆಲಸ ಕಲಿಸಿತು. ಆ ಕೈ ಏನು ಮಾಡುತ್ತಿದೆಯೆಂದು ನೋಡಲು ನನ್ನನ್ನು ಪ್ರೀತಿಸದ ಜನ ಬೇಕಾಯಿತು. ನೀವೂ ಒಮ್ಮೆ ಹೊರಗೆ ಅರ್ಜಿ ಹಾಕಿ. ನಿಮ್ಮ ಹೆಸರು ಗೊತ್ತಿಲ್ಲದವರ ಕೈಗೆ ನಿಮ್ಮ ಸಾಮಾನು ಕೊಡಿ" ಎಂದೆ. ಸರ್ ಹಿಂದೆ ನಿಂತು ತಲೆಯಾಡಿಸುತ್ತಿದ್ದರು. ಅವರೇ ಈಗ ಪ್ರತಿ ತಂಡಕ್ಕೂ ಹೊರಗಿನ ಒಂದು ಕಾರ್ಯಕ್ರಮ ಹುಡುಕಿಕೊಡುತ್ತಿದ್ದಾರಂತೆ.

ಶಿವರಾತ್ರಿಗೆ ಒಂದು ದಿನ ಊರಿಗೆ ಹೋಗಿ ಬಂದೆ. ಪಾಪಮ್ಮಜ್ಜಿಗೊಂದು, ಅಮ್ಮನಿಗೊಂದು ಹೊಸದನ್ನು ಕೊಟ್ಟೆ. "ಚೆನ್ನಾಗದೆ ಮಗ" ಎಂದಳು ಅಮ್ಮ, ಹಾಕಿಕೊಂಡು ನೋಡುವ ಮೊದಲೇ. ಉಳಿದಿದ್ದ ಹದಿನೈದನೆಯ ಕಾರ್ಡನ್ನು ಅವಳ ಕೈಯಲ್ಲಿಟ್ಟು ಬಂದೆ. ಅವಳು ಅದನ್ನೂ ದೇವರ ಗೂಡಿನಲ್ಲಿ ಇಡುತ್ತಾಳೋ ಏನೋ. ಅತ್ತೆ, ಗೋಕಾಕದಲ್ಲಿ ಮುನ್ನೂರು ಜನ ಬಳಸಿದರೂ, ಅವಳ ಅಂಗೈ ಹಾಗೇ ಇದ್ದರೆ ನನಗೆ ಇದೆಲ್ಲ ಯಾವ ಸುಖಕ್ಕೆ?

ನಿಮ್ಮ
ನಂದಿತಾ

*

ತಿ. ನರಸೀಪುರ
27-3-2025

ನನ್ನ ಮುದ್ದು ನಂದಿತಾ,

ಹೊಗಳಿಕೆಗೆ ಜಾಗವಿಲ್ಲ ಎಂದಿದ್ದೆ. ಇದು ಕಾರ್ಡಲ್ಲ, ಜಾಗ ಇದೆ. ನಿನ್ನ ಹದಿನಾಲ್ಕು ಕಾರ್ಡುಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೇನೆ. ನೀನು ಹದಿನಾಲ್ಕು ಸಲ ಬೈಸಿಕೊಂಡೆ, ಹದಿನಾಲ್ಕು ಸಲವೂ ನಿನ್ನ ಕೈಯಾರೆ ಅದನ್ನು ಬರೆದು ಕಳಿಸಿದೆ. ಒಂದರಲ್ಲೂ ಅವರ ಮೇಲೆ ತಪ್ಪು ಹೊರಿಸಲಿಲ್ಲ. ಮೂವತ್ತೈದು ವರ್ಷ ಲಕ್ಷಾಂತರ ಜನರ ಕಾಗದ ಮುಟ್ಟಿದವಳು ನಾನು. ಇಷ್ಟು ಧೈರ್ಯದ ಕಾಗದಗಳನ್ನು ಮುಟ್ಟಿರಲಿಲ್ಲ. ನಿನ್ನ ಅತ್ತೆ ಎನ್ನಿಸಿಕೊಳ್ಳಲು ನನಗೆ ಹೆಮ್ಮೆ. ಮರಿತಾಯಮ್ಮನಿಗೆ ದಿನಾ ನಿನ್ನ ವರ್ಣನೆ ಮಾಡುತ್ತಿದ್ದೇನೆ. ಈಗ ಅವಳಿಗೂ ಕಿವಿ ಕೇಳಿಸುವುದಿಲ್ಲವಂತೆ.

ಹದಿನೈದನೆಯ ಕಾರ್ಡು ಇವತ್ತು ಬಂತು. ನನ್ನ ವಿಳಾಸ ಇದ್ದದ್ದರಿಂದ ನನ್ನ ಮನೆಗೆ ಬಂದಿದೆ, ಆದರೆ ನಿಮ್ಮಮ್ಮ ಬರೆದದ್ದು ನಿನಗೆ. ನಾನು ಅವಳಿಗೆ ಒಂದಕ್ಷರವೂ ಹೇಳಿಕೊಟ್ಟಿಲ್ಲ, ಆಣೆ. ಮೂಲೆಯಲ್ಲಿ ಕೆಸರಿನ ಬೆರಳಚ್ಚು ಇದೆ, ಒರೆಸಬೇಡ. ಇದರ ಜೊತೆ ಇಟ್ಟು ಕಳಿಸುತ್ತಿದ್ದೇನೆ.

ಸರ್ವಮಂಗಳತ್ತೆ

*

ಹದಿನಾರು
24-3-2025

ರವದಿಕೈ ಮಾಡೋರ್ಗೆ,

ನಿಮ್ ಸಾಮಾನು ತಕಂಡು ಇಪ್ಪತ್ತೈದು ದಿನ ಆಯ್ತು. ದಿನಾ ಗದ್ದೆಗೆ ತಕಂಡೋಯ್ತೀನಿ. ಬಳೆ ಎಲ್ಲಾ ನೆಟ್ಟಗವೆ. ಆದ್ರೆ ಹಿಡಿ ಸಡ್ಲ ಆಗದೆ, ಒಂದು ಹಲ್ಲೂ ಸವ್ದೋಗದೆ. ಪಾಪಮ್ಮಂದೂ ಅಂಗೇ ಆಗದೆ. ಇಂಗ್ ಮಾಡ್ ಕೊಟ್ರೆ ಎಂಗೆ? ಇನ್ನೂ ಅರ್ಧ ಎಕ್ರೆ ಸುಲಿಯೋದದೆ, ಬರಿಗೈಲಿ ನಾನಂತೂ ಇಳಿಯಾಕಿಲ್ಲ. ಬೇಗ ಬಂದು ಸರಿ ಮಾಡ್ಕೊಡಿ.

ಇಂತಿ
ಗುರುಬಸಮ್ಮ